ತನ್ನ ವಿಳಾಸಕ್ಕೆ ತಾನೇ ಬರೆದ ಕಾಗದ

ಡಾರ್ಲೀನ್ ಫುಸ್ಕೊ ವಾರಕ್ಕೆ ಐದು ದಿನ ಈರಿ ಪಟ್ಟಣದ ಪೂರ್ವ ಭಾಗದಲ್ಲಿ ಮನೆಮನೆಗೆ ಅಂಚೆ ಹಂಚುತ್ತಾಳೆ. ಭಾನುವಾರ ಹನ್ನೊಂದೂವರೆಗೆ ಅವಳೇ ನಮ್ಮ ಸೇಂಟ್ ಮಾರ್ಥಾ ಸ್ವತಂತ್ರ ಕ್ಯಾಥೊಲಿಕ್ ಸಭೆಯ ಬಲಿಪೀಠದ ಮುಂದೆ ನಿಂತು ಪೂಜೆ ಅರ್ಪಿಸುತ್ತಾಳೆ. ನಾನು ಪಕ್ಕದಲ್ಲಿ ನಿಂತು ಗುರುವಿಗೆ ನೆರವಾಗುವ ಡೀಕನ್, ಜೀನ್ ಲೂಬಿಯಾಕ್. ಇಪ್ಪತ್ತೊಂಬತ್ತು ವರ್ಷ ನಗರಸಭೆಯ ಹಿಮ ಬಾಚುವ ಲಾರಿ ಓಡಿಸಿದವನು. ಪೂಜೆಯ ಹೊತ್ತಿನಲ್ಲಿ ಅವಳು ನನಗೆ 'ಮದರ್', ಉಳಿದ ಹೊತ್ತು 'ಲೇ ಡಾರ್ಲೀನ್'.

ರೋಮಿನ ಪೋಪರ ಪಟ್ಟಿಯಲ್ಲಿ ನಾವಿಲ್ಲ. ನಮ್ಮ ಪಟ್ಟಿಯಲ್ಲಿ ಮಾತ್ರ ಎಲ್ಲರೂ ಇದ್ದಾರೆ. ವಿಚ್ಛೇದನ ಆದವರು, ಎರಡನೆಯ ಮದುವೆಯವರು, ಹೆಣ್ಣಾದರೂ ಗುರುವಾಗಬೇಕೆಂದು ಆಸೆಪಟ್ಟವರು, ನನ್ನ ಮತ್ತು ನಾರ್ಬರ್ಟನ ಹಾಗೆ ಗಂಡಸಾಗಿ ಗಂಡಸನ್ನೇ ಮದುವೆಯಾದವರು, ಸುಮ್ಮನೆ ಕಾಫಿಗೆ ಬಂದು ಉಳಿದುಕೊಂಡವರು. ಎಲ್ಲ ಸೇರಿ ಅರವತ್ತು ಮಂದಿ ಆದೇವು. ಸ್ವಂತ ಕಟ್ಟಡವಿಲ್ಲ. ಪ್ರಾಟೆಸ್ಟಂಟ್ ಪಂಗಡದ ಲೂಥರನ್ನರ ಚರ್ಚಿನಲ್ಲಿ ಅವರ ಆರಾಧನೆ ಮುಗಿದ ಮೇಲೆ ನಮ್ಮದು. ನಾವು ಹೋಗಿ ಕೂರುವಾಗ ಬೆಂಚುಗಳು ಇನ್ನೂ ಬೆಚ್ಚಗಿರುತ್ತವೆ. ಫೆಬ್ರವರಿಯಲ್ಲಿ ಅದೇ ಒಂದು ಪುಣ್ಯ.

ಡಾರ್ಲೀನ್‌ಳ ನಿಜವಾದ ಧರ್ಮಕೇಂದ್ರ ಇರುವುದು ಬೀದಿಯಲ್ಲಿ ಎಂದು ನಾರ್ಬರ್ಟ್ ಹೇಳುತ್ತಾನೆ. ಅಂಚೆಯವಳು ಬಾಗಿಲಿಗೆ ಬಂದರೆ ಜನ ಬಾಯಿ ಬಿಡುತ್ತಾರೆ. ಮಗ ಫೋನು ಮಾಡುವುದಿಲ್ಲ, ಮೂತ್ರದಲ್ಲಿ ರಕ್ತ ಬಂತು, ಪಕ್ಕದ ಮನೆಯವಳ ಬೆಕ್ಕಿಗೆ ಕಲ್ಲು ಹೊಡೆದೆ, ಹೀಗೆ. ಅವರಲ್ಲಿ ಅರ್ಧ ಜನಕ್ಕೆ ಅವಳು ಗುರು ಎಂಬುದೇ ಗೊತ್ತಿಲ್ಲ. ಅವಳೂ ಹೇಳಿಕೊಳ್ಳುವುದಿಲ್ಲ. "ಸಮವಸ್ತ್ರ ಹಾಕ್ಕೊಂಡಾಗ ನಾನು ಸರ್ಕಾರದವಳು ಕಣೋ. ಧರ್ಮದ ಮಾತು ಚೀಲದಲ್ಲಿ ಹಾಕ್ಕೊಂಡು ತಿರುಗೋ ಹಾಗಿಲ್ಲ" ಎನ್ನುತ್ತಾಳೆ.

ಆ ಬೀದಿಗಳಲ್ಲಿ ಅವಳಿಗೆ ಬಲು ಇಷ್ಟವಾದ ಮನೆ ಒಂದಿತ್ತು. ಹಸಿರು ಚಪ್ಪರದ ಮನೆ, ಮೆಟ್ಟಿಲ ಮೇಲೆ ಕಾಂಕ್ರೀಟಿನ ಒಂದು ಹೆಬ್ಬಾತು. ಮನೆಯೊಡತಿ ಇರೇನಾ ಸೋಬ್ಚಾಕ್, ಎಂಬತ್ತೊಂದು ವಯಸ್ಸಿನ ವಿಧವೆ, ಆ ಹೆಬ್ಬಾತಿಗೆ ಕಾಲಕ್ಕೆ ತಕ್ಕ ಬಟ್ಟೆ ಹೊಲಿದು ತೊಡಿಸುತ್ತಿದ್ದಳು. ಕ್ರಿಸ್ಮಸ್‌ಗೆ ಕೆಂಪು ಮೇಲಂಗಿ, ಮಳೆಗಾಲಕ್ಕೆ ಹಳದಿ ರೇನ್‌ಕೋಟು, ಈಸ್ಟರಿಗೆ ಮುಂಚಿನ ತಪಸ್ಸುಕಾಲಕ್ಕೆ ನೇರಳೆ ಶಾಲು. ಡಾರ್ಲೀನ್‌ಳ ಸುತ್ತು ಮುಗಿಯುವುದು ಅಲ್ಲೇ. ಐದು ವರ್ಷದಿಂದ ಆ ಅಡುಗೆಮನೆಯ ಮೇಜಿನ ಮುಂದೆ ಹತ್ತು ನಿಮಿಷ ಕೂತು ಕಾಫಿ ಕುಡಿದು, ಏಪ್ರಿಕಾಟ್ ಜಾಮು ತುಂಬಿ ಮಡಚಿದ ಕೊಲಾಚ್ಕಿ ತಿಂದು ಬರುತ್ತಿದ್ದಳು. ಇರೇನಾ ಅವಳನ್ನು ಕರೆಯುತ್ತಿದ್ದದ್ದು 'ಅಂಚೆಯಮ್ಮ' ಎಂದು. ಹೆಸರು ಕೇಳಿದ್ದಳೋ ಇಲ್ಲವೋ, ನೆನಪಿಟ್ಟುಕೊಂಡಿರಲಿಲ್ಲ.

ಫೆಬ್ರವರಿಯ ಎರಡನೆಯ ಭಾನುವಾರ ಪೂಜೆ ಮುಗಿದ ಮೇಲೆ ವಯಸ್ಸಾದ ಜೋಡಿಯೊಂದು ನಮ್ಮನ್ನು ಹುಡುಕಿಕೊಂಡು ಬಂತು. ಹೆಂಗಸು ಪುಟ್ಟದಾಗಿ, ನೀಟಾಗಿ, ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು. ಹೆಸರು ವಾಂಡಾ. ಗಂಡಸು ಎತ್ತರದ ಕರಿಯ ಮನುಷ್ಯ, ಎಲ್ರಾಯ್ ಟಿಬ್ಸ್. ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ವೆಲ್ಡರ್ ಆಗಿ ನಿವೃತ್ತನಾದವನು. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಹಿರಿಯರ ಕೇಂದ್ರದ ಇಸ್ಪೀಟು ಮೇಜಿನಲ್ಲಿ ಇಬ್ಬರಿಗೂ ಪರಿಚಯವಾಗಿತ್ತಂತೆ.

"ಮದುವೆ ಮಾಡಿಸ್ಬೇಕು," ಎಂದಳು ವಾಂಡಾ. "ಕ್ಯಾಥೊಲಿಕ್ ಮದುವೆ. ಕೋರ್ಟಿನಲ್ಲಿ ಸಹಿ ಹಾಕೋದು ನನಗೆ ಬೇಡ. ನಾಯಿಗೆ ಲೈಸೆನ್ಸ್ ತಗೊಂಡ ಹಾಗಾಗುತ್ತೆ."

"ನಿಮ್ಮ ಚರ್ಚಿನಲ್ಲಿ ಏನಂದ್ರು?" ಎಂದು ಡಾರ್ಲೀನ್ ಕೇಳಿದಳು.

"ನನಗೆ ಮೊದಲೊಂದು ಮದುವೆ ಆಗಿತ್ತು. ಚೆಸ್ಟರ್ ಅಂತ. ಕುಡಿದು, ಬಡಿದು, ಮೂವತ್ತೆಂಟು ವರ್ಷದ ಹಿಂದೆ ಬಿಟ್ಟುಹೋದ. ಸತ್ತಿದ್ರೆ ತಾಪತ್ರಯ ಇರ್ತಿರಲಿಲ್ಲ. ಫ್ಲಾರಿಡಾದಲ್ಲಿ ಗುಂಡುಕಲ್ಲಿನ ಹಾಗಿದಾನೆ. ಈಗ ಆ ಮದುವೆ ಮದುವೆಯೇ ಅಲ್ಲ ಅಂತ ಚರ್ಚಿನ ನ್ಯಾಯಪೀಠದ ತೀರ್ಪು ಬರಬೇಕಂತೆ. ಅದಕ್ಕೆ ಅವನ ಬಗ್ಗೆ ಹದಿನೆಂಟು ಪುಟ ಬರೀಬೇಕಂತೆ. ಮದರ್, ಆ ಮನುಷ್ಯನಿಗೆ ಹದಿನೆಂಟು ಪುಟದ ಯೋಗ್ಯತೆ ಇಲ್ಲ."

ಎಲ್ರಾಯ್ ಮೆಲ್ಲಗೆ ಕೆಮ್ಮಿದ. "ನಾನು ಬ್ಯಾಪ್ಟಿಸ್ಟ್ ಕಣಮ್ಮ. ನನಗೆ ಎಲ್ಲಿ ಆದ್ರೂ ಸರಿ. ಅವಳು ನಕ್ಕೊಂಡು ನಿಂತ್ರೆ ಸಾಕು."

ಈಸ್ಟರ್ ಮುಗಿದ ಮೊದಲ ಶನಿವಾರ ಎಂದು ದಿನ ಗೊತ್ತಾಯಿತು. ಎದ್ದು ಹೊರಡುವಾಗ ವಾಂಡಾ ಕೈಚೀಲದ ಕೊಂಡಿಯನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ಹೇಳಿದಳು: "ನನ್ನ ಅಕ್ಕ ಬರಲ್ಲ. ಹೇಳಿಬಿಟ್ಟಿದಾಳೆ. ಅಕ್ಕ-ತಂಗಿ ನಮ್ಮಿಬ್ಬರನ್ನ ಬಿಟ್ರೆ ನನ್ನ ಕಡೆ ಮನೆಯವರು ಅಂತ ಯಾರೂ ಉಳಿದಿಲ್ಲ."

"ಅಕ್ಕ ಇರೋದು ಎಲ್ಲಿ?"

"ಇಲ್ಲೇ ಆಶ್ ಸ್ಟ್ರೀಟಿನಲ್ಲಿ. ನೋಡಿರ್ತೀರಿ. ಮೆಟ್ಟಿಲ ಮೇಲೆ ಹೆಬ್ಬಾತಿಗೆ ಬಟ್ಟೆ ಉಡಿಸಿರ್ತಾಳೆ."

ಡಾರ್ಲೀನ್‌ಳ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. "ನೋಡಿದೀನಿ," ಎಂದಷ್ಟೇ ಹೇಳಿದಳು.

ಮರುದಿನ ಏನಾಯಿತು ಎಂಬುದನ್ನು ಅವಳೇ ಬಂದು ಹೇಳಿದಳು. ಕಾಫಿ ಬಗ್ಗಿಸುತ್ತಿದ್ದಂತೆಯೇ ಇರೇನಾ ಶುರುಮಾಡಿದ್ದಳು.

"ಕೇಳಿದ್ಯಾ ಅಂಚೆಯಮ್ಮ, ನಮ್ಮ ವಾಂಡಾಳ ಕಥೆ? ಈ ವಯಸ್ಸಿನಲ್ಲಿ ಮದುವೆಯಂತೆ. ಆಗಲಿ, ನನಗೇನು. ಆ ಎಲ್ರಾಯ್ ಒಳ್ಳೆಯವನೇ, ಹೋದ ಚಳಿಗಾಲ ನನ್ನ ಮೆಟ್ಟಿಲಿನ ಹಿಮ ತೆಗೆದುಕೊಟ್ಟ. ಆದ್ರೆ ಮದುವೆ ಮಾಡಿಸೋದು ಯಾರು ಗೊತ್ತಾ? ಒಬ್ಬ ಹೆಂಗಸು! ನಿಲುವಂಗಿ ಹಾಕ್ಕೊಂಡು ಪೂಜೆ ಮಾಡ್ತಾಳಂತೆ! ಲೂಥರನ್ನರ ಮನೆಯಲ್ಲಿ!"

"ನೀನೇನಂದೆ?" ಎಂದು ನಾನು ಕೇಳಿದೆ.

"ಇನ್ನೊಂದು ಕೊಲಾಚ್ಕಿ ತಗೊಂಡೆ."

"ಥೂ, ನಿನ್ನ!"

"ಬಾಯಿ ತುಂಬಿದ್ರೆ ಮಾತಾಡ್ಬೇಕಾಗಿಲ್ಲ ನೋಡು."

ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎನ್ನುತ್ತ ಮೂರು ವಾರ ದಾಟಿಸಿದಳು. ಪ್ರತಿ ದಿನ ಹೋಗುವುದು, ಬೈಗಳು ಕೇಳುವುದು, ತಿನ್ನುವುದು, ಬರುವುದು. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ನಮ್ಮ ಹಣೆಗೆಲ್ಲ ಅವಳು ಬೂದಿ ಹಚ್ಚಬೇಕಾದದ್ದು ಸಂಜೆ ಆರಕ್ಕೆ. ಅಂದು ಮಧ್ಯಾಹ್ನವೇ ಇರೇನಾ ಅವಳ ಬರಿಯ ಹಣೆ ನೋಡಿ "ನಿನಗೆ ಪಾಪ ಚರ್ಚಿಗೆ ಹೋಗೋಕೂ ಬಿಡುವು ಕೊಡಲ್ವಾ ಆ ಸರ್ಕಾರದವರು?" ಎಂದು ಮರುಗಿದಳಂತೆ. ಅದನ್ನು ಹೇಳುವಾಗ ಡಾರ್ಲೀನ್ ನಗಲಿಲ್ಲ.

"ಬೇರೆಯವರ ಪಾಪನಿವೇದನೆ ಕೇಳ್ತೀಯ. ನಿನ್ನದನ್ನ ಯಾರಿಗೆ ಹೇಳ್ತೀಯ?" ಎಂದೆ.

"ನಿನಗೆ ಹೇಳ್ತಿದೀನಲ್ಲ."

"ನಾನು ಡೀಕನ್. ಪಾಪ ಕ್ಷಮಿಸೋ ಅಧಿಕಾರ ನನಗಿಲ್ಲ. ಬೈಯೋ ಅಧಿಕಾರ ಮಾತ್ರ ಇದೆ."

ಮಾರ್ಚಿನ ಮಧ್ಯದಲ್ಲಿ ವಿಷಯ ಕೈಮೀರಿತು. ಒಂದು ಬುಧವಾರ ಅವಳು ನಮ್ಮ ಮನೆಗೆ ಬಂದು, ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಕೂತು, "ಜೀನ್, ನಾನು ನನಗೇ ಒಂದು ಬೈಗುಳದ ಕಾಗದ ಬರೆದೆ" ಎಂದಳು.

ಇರೇನಾಳ ಬೆರಳ ಗೆಣ್ಣುಗಳು ಚಳಿಗೆ ಊದಿಕೊಂಡಿದ್ದವು. ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. "ಅಂಚೆಯಮ್ಮ, ನಿನ್ನ ಅಕ್ಷರ ಚೆನ್ನಾಗಿದೆ. ಆ ಹೆಂಗಸಿಗೊಂದು ಕಾಗದ ಬರೆದುಕೊಡು, ನಾನು ಹೇಳ್ತೀನಿ" ಎಂದು ನೀಲಿ ಹಾಳೆ ಮುಂದಿಟ್ಟಳಂತೆ. ಆಗಲಾದರೂ ಹೇಳಬಹುದಿತ್ತು. ಡಾರ್ಲೀನ್ ಪೆನ್ನಿನ ಮುಚ್ಚಳ ತೆಗೆದಳು.

"ನನಗೆ ಬೇರೇನೂ ತೋಚಲಿಲ್ಲ ಕಣೋ. 'ಹೆಂಗಸು' ಅಂತ ಬರೀಲಾ, 'ಮಹಿಳೆ' ಅಂತ ಬರೀಲಾ ಅಂತ ಕೇಳ್ದೆ."

"ಅದಕ್ಕೆ?"

"'ಹೆಂಗಸು ಅಂತಲೇ ಬರಿ. ಮಹಿಳೆ ಅನ್ನೋಕೆ ನಾನಿನ್ನೂ ಅವಳ ಮುಖ ನೋಡಿಲ್ಲ' ಅಂದ್ಲು."

ನಾರ್ಬರ್ಟ್ ಒಲೆಯ ಕಡೆ ತಿರುಗಿ ನಿಂತ. ಅವನ ಭುಜ ಕುಲುಕುತ್ತಿತ್ತು.

ಅಂಚೆಯ ವಿಷಯದಲ್ಲಿ ಮಾತ್ರ ಡಾರ್ಲೀನ್ ಬಿಗಿ. ಆ ಕಾಗದವನ್ನು ಜೇಬಿಗಿಟ್ಟುಕೊಂಡು ಬರಬಹುದಿತ್ತು, ಬರಲಿಲ್ಲ. ಸ್ಟ್ಯಾಂಪು ಹಚ್ಚಿದ ಲಕೋಟೆಯನ್ನು ಉಳಿದವುಗಳ ಜೊತೆ ಕಚೇರಿಗೆ ಒಯ್ದು ಹಾಕಿದಳು. ಅದು ವಿಂಗಡಣೆಗೆ ಬೇರೆ ಊರಿಗೆ ಹೋಗಿ, ಮುದ್ರೆ ಹೊಡೆಸಿಕೊಂಡು, ಮೂರು ದಿನದ ಮೇಲೆ ಲೂಥರನ್ನರ ಚರ್ಚಿನ ಡಬ್ಬಿಗೆ ಬಂದು ಬಿತ್ತು. ವಿಳಾಸ: 'ಸೇಂಟ್ ಮಾರ್ಥಾದವರು, ಲೂಥರನ್ನರ ಮನೆಯಲ್ಲಿ ಇರುವವರು.' ಭಾನುವಾರ ಪೂಜೆಗೆ ಮುಂಚೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಅದನ್ನು ಒಡೆದು ನನಗೆ ಓದಿ ಹೇಳಿದಳು.

'ತನ್ನನ್ನು ತಾನು ಪಾದ್ರಿ ಎಂದು ಕರೆದುಕೊಳ್ಳುವ ಹೆಂಗಸಿಗೆ,

ನಿನ್ನ ಹೆಸರು ನನಗೆ ಗೊತ್ತಿಲ್ಲ, ತಿಳಿಯುವ ಆಸೆಯೂ ಇಲ್ಲ. ನನ್ನ ತಂಗಿ ವಾಂಡಾಳಿಗೆ ವಯಸ್ಸು ಎಪ್ಪತ್ತಾರು, ಬುದ್ಧಿ ಹದಿನೇಳರದ್ದು. ಆದ್ದರಿಂದ ನಿನ್ನ ಕೈಗೆ ಸಿಕ್ಕಿದ್ದಾಳೆ. ನಮ್ಮ ಅಮ್ಮ ತೀರಿಕೊಂಡಾಗ ಅವಳಿನ್ನೂ ಹನ್ನೊಂದರ ಹುಡುಗಿ. ಅವಳ ಜಡೆ ಹೆಣೆದವಳು ನಾನು. ಅವಳ ಮೊದಲ ಮದುವೆಯ ದಿನ ಅಮ್ಮನ ಜಾಗದಲ್ಲಿ ನಿಂತು, ನಮ್ಮ ಪೋಲಿಷ್ ಪದ್ಧತಿಯಂತೆ ಮದುಮಕ್ಕಳಿಗೆ ಬ್ರೆಡ್ಡು-ಉಪ್ಪು ಹಿಡಿದವಳೂ ನಾನು. ಆ ಮದುವೆ ಕೆಟ್ಟಿತು. ನನ್ನ ಬ್ರೆಡ್ಡು ಸರಿಯಾಗಿ ಬೆಂದಿರಲಿಲ್ಲವೇನೋ ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ. ಈ ಸಲ ಚೆನ್ನಾಗಿ ಬೇಯಿಸಬಲ್ಲೆ. ಆದರೆ ನಿನ್ನ ಪೂಜೆಗೆ ನಾನು ಬರಲಾರೆ, ನನ್ನ ಆತ್ಮಸಾಕ್ಷಿ ಬಿಡುವುದಿಲ್ಲ. ಅವಳಿಗೆ ಬ್ರೆಡ್ಡು ಹಿಡಿಯುವವರು ಯಾರೂ ಇರುವುದಿಲ್ಲ. ಅದನ್ನು ನನ್ನಿಂದ ಕಿತ್ತುಕೊಂಡವಳು ನೀನು.

ಇರೇನಾ ಸೋಬ್ಚಾಕ್.'

ಓದಿ ಮುಗಿಸಿ ಅವಳು ಹಾಳೆಯನ್ನು ಮಡಚಿದಳು. "ಬ್ರೆಡ್ಡಿನ ವಿಷಯ ಹೇಳುವಾಗ ಅವಳ ಧ್ವನಿ ಒಂದಿಷ್ಟೂ ನಡುಗಲಿಲ್ಲ ಜೀನ್. ಕಿರಾಣಿ ಪಟ್ಟಿ ಹೇಳಿದ ಹಾಗೆ ಹೇಳಿದ್ಲು. ಬರೆಯೋದು ನನಗೇ ಕಷ್ಟ ಆಯ್ತು. ಇಲ್ಲಿ ನೋಡು, ಅಕ್ಷರ ಸೊಟ್ಟಗಾಗಿದೆ."

ಆಗಲೇ ಅವಳು ತನ್ನ ತಾಯಿಯ ಮಾತೆತ್ತಿದ್ದು. ಇಪ್ಪತ್ತು ವರ್ಷದ ಗೆಳೆತನದಲ್ಲಿ ನನಗೆ ಗೊತ್ತಿರದ ಮಾತು. ಡಾರ್ಲೀನ್‌ಗೆ ಯಾಜಕದೀಕ್ಷೆ ಆದದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಮಹಿಳಾ ಧರ್ಮಾಧ್ಯಕ್ಷರೊಬ್ಬರು ಪಿಟ್ಸ್‌ಬರ್ಗಿನಿಂದ ಬಂದು ತಲೆಯ ಮೇಲೆ ಕೈಯಿಟ್ಟರು. ಆ ದಿನ ಮುಂದಿನ ಬೆಂಚಿನಲ್ಲಿ ಒಂದು ಜಾಗ ಖಾಲಿ ಇತ್ತು, ಅಷ್ಟು ನನಗೆ ನೆನಪಿದೆ. ತಾಯಿ ಬರಲಿಲ್ಲ. ಆಮೇಲೂ ನಾಲ್ಕು ವರ್ಷ ಬದುಕಿದ್ದಳು, ಮಗಳು ಪ್ರತಿ ವಾರ ಹೋಗಿ ಬಟ್ಟೆ ಒಗೆದುಕೊಟ್ಟು ಬರುತ್ತಿದ್ದಳು. ತಾಯಿ ಹವೆಯ ಬಗ್ಗೆ ಮಾತಾಡುತ್ತಿದ್ದಳು, ಟೊಮೆಟೊ ಸಾಸಿನ ಬಗ್ಗೆ ಮಾತಾಡುತ್ತಿದ್ದಳು, ದೀಕ್ಷೆಯ ಬಗ್ಗೆ ಒಂದು ಸಲವೂ ಕೇಳದೆ ತೀರಿಕೊಂಡಳು.

"ಇರೇನಾಳ ಅಡುಗೆಮನೆ ಥೇಟ್ ಅಮ್ಮನದೇ," ಎಂದಳು ಡಾರ್ಲೀನ್. "ಅದೇ ಹಳದಿ ಮೇಜು. ಅಲ್ಲಿ ನಾನು ಬರೀ ಅಂಚೆಯಮ್ಮ, ನನ್ನ ಕಂಡ್ರೆ ಅವಳಿಗೆ ಖುಷಿ. ಹೇಳಿಬಿಟ್ರೆ ಆ ಮೇಜೂ ಹೋಗುತ್ತೆ ಅಂತ ಹೆದರಿಕೆ. ಅಷ್ಟೇ ವಿಷಯ. ಅದರಲ್ಲಿ ಧರ್ಮ ಗಿರ್ಮ ಏನಿಲ್ಲ."

ಹೊರಗೆ ನಾರ್ಬರ್ಟ್ ಆರ್ಗನ್ ಶುರುಮಾಡಿದ. ಅವಳು ಮೂಗು ಒರೆಸಿಕೊಂಡು ನೇರಳೆ ಪೂಜಾವಸ್ತ್ರ ತಲೆಯ ಮೇಲಿಂದ ಹಾಕಿಕೊಂಡಳು. ಆ ದಿನದ ಪ್ರಬೋಧನೆ ಮೂರು ನಿಮಿಷಕ್ಕೆ ಮುಗಿಯಿತು. ಸಭೆಗೆ ಅದು ಹಿಡಿಸಿತು.

ಮಂಗಳವಾರ ಅವಳಿಗೆ ರಜೆ. ಬೆಳಗ್ಗೆ ಹತ್ತಕ್ಕೆ ಕಪ್ಪು ಅಂಗಿ, ಪಾದ್ರಿಗಳ ಬಿಳಿ ಕಾಲರು ಹಾಕಿಕೊಂಡು ನನ್ನ ಮನೆಮುಂದೆ ಹಾರನ್ ಮಾಡಿದಳು. "ನೀನೂ ಬಾ. ಒಬ್ಬಳೇ ಹೋದ್ರೆ ಅರ್ಧ ದಾರಿಯಿಂದ ಓಡಿಬರ್ತೀನಿ."

ಇರೇನಾ ಬಾಗಿಲು ತೆರೆದಳು. ಏಪ್ರನ್ನಿಗೆ ಹಿಟ್ಟು ಮೆತ್ತಿತ್ತು. ಮೊದಲು ಮುಖ ನೋಡಿ ಅರಳಿದಳು. "ಅಂಚೆಯಮ್ಮ! ರಜದ ದಿನವೂ..." ಅಲ್ಲಿಗೆ ಕಣ್ಣು ಕಾಲರಿಗೆ ಇಳಿಯಿತು. "ಇದೇನೇ ವೇಷ?"

"ವೇಷ ಅಲ್ಲ ಇರೇನಮ್ಮ. ನನ್ನ ಹೆಸರು ಡಾರ್ಲೀನ್ ಫುಸ್ಕೊ. ಸೇಂಟ್ ಮಾರ್ಥಾದ ಪಾದ್ರಿ ನಾನೇ. ನಿಮ್ಮ ಕಾಗದ ತಲುಪಿತು."

ಇರೇನಾ ನನ್ನನ್ನು ನೋಡಿದಳು, ಇದು ಯಾವುದೋ ಟೀವಿಯವರ ತಮಾಷೆಯೇ ಎಂಬಂತೆ. ಅಲ್ಲ ಎಂದು ನಾನು ತಲೆ ಅಲ್ಲಾಡಿಸಿದೆ.

"ನೀನೇ ಬರೆದೆಯಲ್ಲೇ ಅದನ್ನ!"

"ಹೌದು."

"ಎಲ್ಲಾ ಹೇಳಿದೆನಲ್ಲೇ ನಿನ್ನ ಮುಂದೆ! ನನ್ನ ಬ್ರೆಡ್ಡಿನ ವಿಷಯ ಹೇಳಿದೆ! ಕೂತ್ಕೊಂಡು ಕೇಳಿದೆ! ನನ್ನ ಕೊಲಾಚ್ಕಿ ತಿಂದೆ!"

"ಬಹಳ ತಿಂದೆ," ಎಂದಳು ಡಾರ್ಲೀನ್.

ಬಾಗಿಲು ಎಷ್ಟು ಜೋರಾಗಿ ಬಡಿಯಿತೆಂದರೆ ಚಪ್ಪರದ ಮೇಲಿನ ಹಿಮ ನನ್ನ ಕತ್ತಿನೊಳಗೆ ಬಿತ್ತು. ನಡಿ ಹೋಗೋಣ ಎಂದು ನಾನು ಮೆಟ್ಟಿಲು ಇಳಿದೆ. ಡಾರ್ಲೀನ್ ಇಳಿಯಲಿಲ್ಲ. ಆ ಬಾಗಿಲಿಗೆ ನಡುವಿನಲ್ಲಿ ಕಾಗದ ಹಾಕುವ ಹಿತ್ತಾಳೆಯ ಕಿಂಡಿ ಇತ್ತು. ಅವಳು ಒದ್ದೆ ಮೆಟ್ಟಿಲ ಮೇಲೆ ಮೊಣಕಾಲೂರಿ, ಕಿಂಡಿಯ ಮುಚ್ಚಳ ಎತ್ತಿ, ಅದಕ್ಕೆ ಬಾಯಿಟ್ಟಳು.

"ಇರೇನಮ್ಮ, ನಾನು ಮಾಡಿದ್ದು ತಪ್ಪು. ಪಾದ್ರಿ ಆಗಿದ್ದಲ್ಲ, ಮುಚ್ಚಿಟ್ಟಿದ್ದು. ಕ್ಷಮಿಸಿ ಅಂತ ಕೇಳೋಕೆ ಬಂದೆ."

ಮುಚ್ಚಳವನ್ನು ಇನ್ನಷ್ಟು ಎತ್ತಿದಳು.

"ನೀವು ಪೂಜೆಗೆ ಬನ್ನಿ ಅಂತ ಕೇಳಲ್ಲ. ನಿಮ್ಮ ಮನಸ್ಸಿಗೆ ಒಪ್ಪದ್ದನ್ನ ಮಾಡಿ ಅನ್ನೋಕೆ ನಾನ್ಯಾರು? ಆದ್ರೆ ಬ್ರೆಡ್ಡು-ಉಪ್ಪು ಕೊಡೋದು ಪೂಜೆಯಲ್ಲಿ ಅಲ್ಲವಲ್ಲ. ಚರ್ಚಿನ ಕೆಳಗಿನ ಊಟದ ಹಾಲ್‌ನ ಬಾಗಿಲಲ್ಲಿ. ಅಲ್ಲಿ ಬಲಿಪೀಠ ಇಲ್ಲ, ಶಿಲುಬೆ ಇಲ್ಲ. ಕೋಟು ನೇತುಹಾಕೋ ಗೂಟ ಇದೆ, ಅಷ್ಟೇ. ಪಕ್ಕದ ಓಣಿಯಿಂದ ಬೇರೆ ದಾರಿ ಇದೆ. ನನ್ನ ಮುಖ ಸಹ ನೋಡ್ಬೇಕಾಗಿಲ್ಲ."

ಕಿಂಡಿಯ ಆಚೆಯಿಂದ, ತೀರ ಹತ್ತಿರದಿಂದ, ಧ್ವನಿ ಬಂತು. ಮುದುಕಿಯೂ ಬಗ್ಗಿ ಕೂತಿದ್ದಳೆಂದು ಕಾಣುತ್ತದೆ.

"ಹಾಲ್ ಯಾರದ್ದು?"

"ಲೂಥರನ್ನರದ್ದು."

"ಅದು ಇನ್ನೂ ಕಡೆ!" ಎಂದು ಕಿಂಡಿ ಟಪ್ಪೆಂದು ಮುಚ್ಚಿಕೊಂಡಿತು. ಡಾರ್ಲೀನ್‌ಳ ಮೂಗು ಸ್ವಲ್ಪದರಲ್ಲಿ ಉಳಿಯಿತು.

ಮುಂದಿನ ನಾಲ್ಕು ವಾರ ಆಶ್ ಸ್ಟ್ರೀಟಿನ ಆ ಮನೆಯಲ್ಲಿ ಪರದೆ ಸರಿಯಲಿಲ್ಲ. ಡಾರ್ಲೀನ್ ಕಾಗದ ಹಾಕುತ್ತಿದ್ದಳು, ಹೋಗುತ್ತಿದ್ದಳು. ಹೆಬ್ಬಾತಿನ ಮೈಮೇಲಿಂದ ನೇರಳೆ ಶಾಲು ಮಾಯವಾಗಿ ಅದು ಬೆತ್ತಲೆ ನಿಂತಿತ್ತು. ಗುಡ್ ಫ್ರೈಡೇ ದಿನವೂ ಬೆತ್ತಲೆ, ಈಸ್ಟರಿಗೂ ಬೆತ್ತಲೆ. ಇಡೀ ಬೀದಿ ಅದನ್ನೇ ಮಾತಾಡಿತು. ಇರೇನಾಳಿಗೆ ಮೈ ಸರಿಯಿಲ್ಲವೇನೋ ಎಂದು ಎದುರುಮನೆಯವರು ಸೂಪು ಕೊಟ್ಟುಬಂದರು. ಸೂಪಿನ ಪಾತ್ರೆ ತೊಳೆದು ಬಂತು, ಜೊತೆಗೆ 'ಉಪ್ಪು ಕಡಿಮೆ' ಎಂಬ ಮಾತೂ ಬಂತು. ಹಾಗಾದರೆ ಆರೋಗ್ಯಕ್ಕೇನೂ ಆಗಿಲ್ಲ ಎಂದು ನಮಗೆ ಸಮಾಧಾನ.

ಮದುವೆಯ ಶನಿವಾರ ಏಪ್ರಿಲ್ ಮುಗಿಯುತ್ತ ಬಂದಿದ್ದರೂ ಈರಿ ಸರೋವರದ ಕಡೆಯಿಂದ ಹಿಮ ಬೆರೆತ ಮಳೆ ಅಡ್ಡಡ್ಡವಾಗಿ ಬೀಸುತ್ತಿತ್ತು. ಈರಿಯಲ್ಲಿ ವಸಂತ ಅಂದರೆ ಹಾಗೇ. ಎಲ್ರಾಯ್ ಬೂದು ಸೂಟು ಹಾಕಿ, ಕೆಂಪು ಪಟ್ಟಿಯ ಸಸ್ಪೆಂಡರ್ ತೊಟ್ಟು, ಅದು ಕಾಣಲೆಂದು ಕೋಟು ಬಿಚ್ಚಿಕೊಂಡೇ ನಿಂತಿದ್ದ. ವಾಂಡಾ ನೀಲಿ ಉಡುಪಿನಲ್ಲಿ ನಿಜಕ್ಕೂ ಹದಿನೇಳರ ಹುಡುಗಿಯ ಹಾಗೇ ಕಂಡಳು. ಬೆಂಚುಗಳ ನಡುವಿನ ದಾರಿಯಲ್ಲಿ ನಡೆದು ಬರುವಾಗ ಎರಡು ಸಲ ಹಿಂದೆ ತಿರುಗಿ ಬಾಗಿಲು ನೋಡಿದಳು. ಎರಡನೆಯ ಸಲ ಎಲ್ರಾಯ್ ಅವಳ ಕೈಯನ್ನು ತನ್ನ ತೋಳಿನೊಳಗೆ ಎಳೆದು ಇಟ್ಟುಕೊಂಡ.

ಪ್ರತಿಜ್ಞೆ ಹೇಳಿಸುವಾಗ ಡಾರ್ಲೀನ್ "ಸಾಯುವ ತನಕ" ಎಂದಳು. ಎಲ್ರಾಯ್ "ಆಮೇಲೂ ನೋಡೋಣ" ಎಂದ. ಸಭೆ ನಕ್ಕಿತು. ವಾಂಡಾ ಅತ್ತಳು. ನಾನು ಉಂಗುರದ ತಟ್ಟೆ ಬೀಳಿಸಲಿಲ್ಲ, ಅದೇ ನನ್ನ ಪಾಲಿನ ಸಾಧನೆ.

ಊಟ ಕೆಳಗಿನ ಹಾಲ್‌ನಲ್ಲಿ. ಒಳಮೆಟ್ಟಿಲ ತುಂಬ ಲೂಥರನ್ನರು ಹಳೇ ಸಾಮಾನಿನ ಮಾರಾಟಕ್ಕೆಂದು ಪೆಟ್ಟಿಗೆ ಒಟ್ಟಿದ್ದರು. ಹಾಗಾಗಿ ಎಲ್ಲರೂ ಮುಂಬಾಗಿಲಿನಿಂದ ಹೊರಬಂದು, ಕೊಡೆ ಹಿಡಿದು, ಓಣಿ ಬಳಸಿ ಹೋಗಬೇಕಾಯಿತು. ಮದುಮಕ್ಕಳು ಮುಂದೆ, ಹಿಂದೆ ನಾವು. ಮೂಲೆ ತಿರುಗಿದ್ದೇ ತಡ, ವಾಂಡಾ ಗಕ್ಕನೆ ನಿಂತಳು. ನಾನು ಅವಳಿಗೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು.

ಹಾಲ್‌ನ ಬಾಗಿಲ ಮುಂದೆ ಇರೇನಾ ನಿಂತಿದ್ದಳು. ಕಪ್ಪು ಕೋಟು, ಹ್ಯಾಟಿನಲ್ಲಿ ಗರಿ, ಎರಡೂ ಕೈಯಲ್ಲಿ ಕಸೂತಿ ಬಟ್ಟೆ, ಅದರ ಮೇಲೆ ದುಂಡನೆಯ ದೊಡ್ಡ ಬ್ರೆಡ್ಡು, ಬ್ರೆಡ್ಡಿನ ನಡುವೆ ಪುಟ್ಟ ಬಟ್ಟಲಲ್ಲಿ ಉಪ್ಪು. ನಲವತ್ತು ನಿಮಿಷದಿಂದ ಅಲ್ಲೇ ಇದ್ದಳೆಂದು ಆಮೇಲೆ ಲೂಥರನ್ ಹೆಂಗಸರು ಹೇಳಿದರು. ಒಳಗೆ ಬನ್ನಿ ಎಂದರೆ ಬರಲಿಲ್ಲವಂತೆ. ಕುರ್ಚಿ ತಂದರೆ ಕೂತಳಂತೆ. ಕಾಫಿ ಬೇಡವೆಂದಳಂತೆ, ಕೊಟ್ಟ ಮೇಲೆ ಕುಡಿದಳಂತೆ, ನೀರಾಗಿದೆ ಎಂದಳಂತೆ.

"ಬಾಯಿ ಮುಚ್ಕೋ ವಾಂಡಾ, ಮಳೆ ಬೀಳುತ್ತೆ," ಎಂದಳು ಇರೇನಾ. ಮತ್ತೆ ಬೆನ್ನು ನೆಟ್ಟಗೆ ಮಾಡಿ, ಅಮ್ಮನ ಕಾಲದ ಮಾತುಗಳನ್ನು ಪೋಲಿಷ್ ಭಾಷೆಯಲ್ಲಿ ಹೇಳಿದಳು. ನನ್ನ ಅಜ್ಜಿಯೂ ಹೇಳುತ್ತಿದ್ದ ಮಾತು. ಮನೆಯಲ್ಲಿ ಬ್ರೆಡ್ಡು ತಪ್ಪದಿರಲಿ, ಕಷ್ಟ ಬಂದರೆ ಉಪ್ಪಿನಷ್ಟೇ ಬರಲಿ, ಅದನ್ನೂ ಇಬ್ಬರೂ ಹಂಚಿಕೊಂಡು ತಿನ್ನಿ.

ವಾಂಡಾ ಚೂರು ಮುರಿದು ಉಪ್ಪು ತಾಗಿಸಿ ಬಾಯಿಗಿಟ್ಟಳು. ಅಗಿಯಲು ಆಗದೆ ಅಕ್ಕನ ಕೋಟಿಗೆ ಹಣೆ ಒತ್ತಿಕೊಂಡು ನಿಂತಳು. ಇರೇನಾಳ ಕೈಯಲ್ಲಿ ಬ್ರೆಡ್ಡಿದ್ದುದರಿಂದ ತಂಗಿಯ ತಲೆ ಸವರುವಂತಿರಲಿಲ್ಲ. ಗಲ್ಲವನ್ನು ಅವಳ ನೆತ್ತಿಯ ಮೇಲೆ ಊರಿದಳು, ಅಷ್ಟೇ.

ಎಲ್ರಾಯ್‌ಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ದೊಡ್ಡ ತುಂಡು ಮುರಿದು ಬಟ್ಟಲಿನ ಅರ್ಧ ಉಪ್ಪು ಅದರಲ್ಲಿ ಬಾಚಿ ನುಂಗಿಬಿಟ್ಟ. ಕಣ್ಣಲ್ಲಿ ನೀರು ಬಂತು, ಮುಖ ಕಿವುಚಿತು. ಆದರೂ ಉಗುಳಲಿಲ್ಲ.

"ಇವನಿಗೆ ಚಿಟಿಕೆ ಅಂದ್ರೇನು ಅಂತ ಗೊತ್ತಿಲ್ಲ ವಾಂಡಾ," ಎಂದಳು ಇರೇನಾ. "ಅಡುಗೆಮನೆಗೆ ಬಿಟ್ಕೋಬೇಡ."

"ಚೆನ್ನಾಗಿ ಬೆಂದಿದೆ ಅಕ್ಕಾ," ಎಂದ ಎಲ್ರಾಯ್, ಧ್ವನಿ ಬಂದ ಮೇಲೆ.

ಇರೇನಾ ಅವನನ್ನೇ ಒಂದು ಕ್ಷಣ ನೋಡಿದಳು. ಬ್ರೆಡ್ಡನ್ನು ಅವನ ಕೈಗೆ ಕೊಟ್ಟು ಮೂಗು ಒರೆಸಿಕೊಂಡಳು.

ಡಾರ್ಲೀನ್ ಗುಂಪಿನ ಕೊನೆಯಲ್ಲಿ ಕಣ್ಣಿಗೆ ಬೀಳದ ಹಾಗೆ ನನ್ನ ಬೆನ್ನ ಹಿಂದೆ ನಿಂತಿದ್ದಳು. ನಾನು ಅಗಲವಾಗಿಯೇ ಇದ್ದೇನೆ, ಆದರೆ ಅವಳ ಪೂಜಾವಸ್ತ್ರ ಇನ್ನೂ ಅಗಲ. ಎಲ್ಲರೂ ಒಳಹೋದ ಮೇಲೆ ಇರೇನಾ ನೇರ ಅವಳ ಮುಂದೆ ಬಂದಳು.

"ನೀನು ಪಾದ್ರಿ ಅಂತ ನಾನು ಒಪ್ಪಿಲ್ಲ."

"ಗೊತ್ತು."

"ಮೇಲೆ ಏನು ಮಾಡಿದೆ ಅಂತ ಕೇಳಲ್ಲ."

"ಬೇಡಿ."

"ಸುಳ್ಳು ಹೇಳಿದ್ದಕ್ಕೆ ಇನ್ನೂ ಕೋಪ ಇದೆ. ಬೇಸಿಗೆ ತನಕ ಇರುತ್ತೆ." ಹ್ಯಾಟಿನ ಗರಿಯಿಂದ ನೀರು ಕೊಡವಿದಳು. "ಒಳಗೆ ಎಲೆಕೋಸಿನ ಸುರುಳಿ ಯಾರು ಮಾಡಿದ್ದು?"

"ಲೂಥರನ್ ಹೆಂಗಸರು."

"ದೇವರೇ," ಎಂದು ಇರೇನಾ ಕೋಟು ಬಿಚ್ಚುತ್ತ ಒಳನುಗ್ಗಿದಳು. ಹತ್ತು ನಿಮಿಷದಲ್ಲಿ ಒಲೆಯ ಮುಂದೆ ನಿಂತು ಲೂಥರನ್ನರಿಗೆ ಪಾಠ ಮಾಡುತ್ತಿದ್ದಳು.

ಹೇಳಿದ ಮಾತಿನಂತೆ ಕೋಪ ಬೇಸಿಗೆಯ ತನಕ ಇತ್ತು. ಮೇ ತಿಂಗಳಲ್ಲಿ ಡಾರ್ಲೀನ್‌ಗೆ ಕಿಟಕಿಯಿಂದ ಒಂದು ತಲೆಯಾಟ ಸಿಕ್ಕಿತು. ಜೂನಿನಲ್ಲಿ "ಬಿಸಿಲು" ಎಂಬ ಒಂದು ಮಾತು. ಜುಲೈಯಲ್ಲಿ ಮೆಟ್ಟಿಲ ಮೇಲೆ ಒಂದು ಲೋಟ ತಣ್ಣನೆಯ ನೀರು, ಪಕ್ಕದಲ್ಲಿ ಯಾರೂ ಇಲ್ಲ. ಡಾರ್ಲೀನ್ ಒಂದಕ್ಕೂ ಅವಸರ ಮಾಡಲಿಲ್ಲ. ಕುಡಿದು ಲೋಟ ಬೋರಲು ಹಾಕಿ ಹೋಗುತ್ತಿದ್ದಳು.

ಆಗಸ್ಟಿನ ಒಂದು ಮಧ್ಯಾಹ್ನ ಎಲ್ರಾಯ್ ಟೊಮೆಟೊ ಪಾತಿಯಲ್ಲಿ ಎದೆ ಹಿಡಿದುಕೊಂಡು ಕುಸಿದ. ವಾಂಡಾ ಆಂಬುಲೆನ್ಸಿನಲ್ಲಿ ಹೋದಳು. ದಾರಿಯಿಂದಲೇ ಅಕ್ಕನಿಗೂ ನನಗೂ ಫೋನು ಮಾಡಿದಳು. ನಾನು ಆಸ್ಪತ್ರೆ ತಲುಪಿದಾಗ ಇರೇನಾ ಆಗಲೇ ಅಲ್ಲಿದ್ದಳು, ಕಾಯುವ ಕೋಣೆಯ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ. ಒಂದು ಕೈಯಲ್ಲಿ ಜಪಸರ, ಇನ್ನೊಂದು ಕೈಯಲ್ಲಿ ಫೋನು. ನನ್ನ ಎದುರಿಗೇ ಡಾರ್ಲೀನ್‌ಗೆ ಕರೆ ಮಾಡಿದಳು. ನಂಬರು ಎಲ್ಲಿಂದ ತಂದಿದ್ದಳೋ ಗೊತ್ತಿಲ್ಲ.

"ಅಂಚೆ ಮುಗೀತಾ?... ಎರಡು ಬೀದಿ ಇದೆಯಾ? ಮುಗಿಸ್ಕೊಂಡು ಬಾ." ಫೋನನ್ನು ಕಿವಿಯಿಂದ ತೆಗೆದಳು, ಮತ್ತೆ ಇಟ್ಟಳು. "ಬೇಡ, ಮುಗಿಸಬೇಡ. ಈಗ್ಲೇ ಬಾ. ಎದೆ ಸೀಳ್ತಾರಂತೆ. ವಾಂಡಾ ಒಬ್ಬಳೇ ಒಳಗಿದಾಳೆ, ಅವಳಿಗೆ ನಾನು ಸಾಲಲ್ಲ."

ಜೊತೆಯವನಿಗೆ ಚೀಲ ಒಪ್ಪಿಸಿ ಡಾರ್ಲೀನ್ ಅರ್ಧ ಗಂಟೆಯಲ್ಲಿ ಬಂದಳು. ನೀಲಿ ಸಮವಸ್ತ್ರದ ಮೊಣಕಾಲುದ್ದದ ಚಡ್ಡಿ, ಅಗಲ ಅಂಚಿನ ಬಿಸಿಲುಟೋಪಿ, ಬೆವರು, ಕೈಯಲ್ಲಿ ರೋಗಿಯ ಹಣೆಗೆ ಹಚ್ಚುವ ಪವಿತ್ರ ಎಣ್ಣೆಯ ಪುಟ್ಟ ಸೀಸೆ. ಒಳಬಾಗಿಲಲ್ಲಿ ನರ್ಸು ಕೈ ಅಡ್ಡ ಹಿಡಿದಳು. ಶಸ್ತ್ರಚಿಕಿತ್ಸೆಗೆ ಒಯ್ಯುವ ಮುಂಚೆ ಮನೆಯವರಿಗೆ ಮಾತ್ರ ಪ್ರವೇಶ, ಇಲ್ಲವಾದರೆ ಧರ್ಮಗುರುಗಳಿಗೆ ಎಂದಳು.

ಡಾರ್ಲೀನ್ ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದ ಕುರ್ಚಿ ಕಿರುಗುಟ್ಟಿತು. ಇರೇನಾ ಎದ್ದಿದ್ದಳು.

"ಬಿಡಿ ಅವಳನ್ನ."

"ಇವರು ಯಾರು ಮೇಡಂ?"

ಇರೇನಾ ಜಪಸರದ ಕಡೆ ನೋಡಿದಳು. ಒಂದು ಕ್ಷಣ ಜಪಸರದ ಮಣಿ ಹಿಡಿದ ಬೆರಳು ಚಲಿಸಲಿಲ್ಲ.

"ನನ್ನ ತಂಗಿಯ ಪಾದ್ರಿ."

ನರ್ಸು ಚಡ್ಡಿ ನೋಡಿದಳು, ಟೋಪಿ ನೋಡಿದಳು.

"ಬಟ್ಟೆ ಏನಮ್ಮ ನೋಡ್ತೀಯ? ಹೊತ್ತಾಗುತ್ತೆ, ಒಳಗೆ ಬಿಡು!"

ಬಿಟ್ಟರು. ಬಾಗಿಲು ಮುಚ್ಚಿಕೊಂಡ ಮೇಲೆ ಇರೇನಾ ಮತ್ತೆ ಕೂತು ನನ್ನ ಕಡೆ ಬೆರಳು ತೋರಿಸಿದಳು. "ನನ್ನ ತಂಗಿಯ ಅಂದೆ. ನನ್ನ ಅಂದಿಲ್ಲ. ಸರಿಯಾಗಿ ಕೇಳಿಸ್ಕೊಂಡ್ಯಾ?"

"ಸರಿಯಾಗಿ ಕೇಳಿಸ್ತು," ಎಂದೆ.

ಎಲ್ರಾಯ್‌ನ ಹೃದಯಕ್ಕೆ ಬೈಪಾಸ್ ಮಾಡಿ ರಕ್ತಕ್ಕೆ ಮೂರು ಹೊಸ ದಾರಿ ಹಾಕಿದರು. ಎಂಟನೆಯ ದಿನ ಮನೆಗೆ ಬಂದ. ಟೊಮೆಟೊ ಆ ವರ್ಷ ಅವನು ಕೀಳಲಿಲ್ಲ, ನಾನೂ ನಾರ್ಬರ್ಟನೂ ಕಿತ್ತು ಊರಿಗೆಲ್ಲ ಹಂಚಿದೆವು. ಇರೇನಾ ಈವರೆಗೆ ನಮ್ಮ ಪೂಜೆಗೆ ಬಂದಿಲ್ಲ. ಬೆಳಗ್ಗೆ ಎಂಟರ ಪೂಜೆಗೆ ತನ್ನ ಚರ್ಚಿಗೇ ಹೋಗುತ್ತಾಳೆ, ನಮ್ಮೆಲ್ಲರ ಹೆಸರಿನಲ್ಲಿ ಮೇಣದಬತ್ತಿ ಹಚ್ಚುತ್ತಾಳೆ. ನಾವು ಸರಿದಾರಿಗೆ ಬರಲೆಂದು. ಡಾರ್ಲೀನ್ ಅದನ್ನು ಕೇಳಿ "ಹಚ್ಚಲಿ, ಬೆಳಕಿಗೆ ಯಾವ ತೊಂದರೆ" ಎನ್ನುತ್ತಾಳೆ.

ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬ ಆದ ಮರುವಾರ ಎಲ್ರಾಯ್‌ಗೆ ಕಾರು ಓಡಿಸಲು ಡಾಕ್ಟರರ ಅಪ್ಪಣೆ ಸಿಕ್ಕಿತು. ಮೊದಲ ಪ್ರಯಾಣ ಕ್ಲೀವ್‌ಲ್ಯಾಂಡಿಗೆ, ಅವನ ಮಗಳ ಮನೆಗೆ. ಮುಂದೆ ಎಲ್ರಾಯ್, ಪಕ್ಕದಲ್ಲಿ ವಾಂಡಾ. ಹಿಂದಿನ ಸೀಟಿನಲ್ಲಿ ಇರೇನಾ, ತೊಡೆಯ ಮೇಲೆ ನಕ್ಷೆ ಬಿಚ್ಚಿಕೊಂಡು. ದಾರಿಯುದ್ದಕ್ಕೂ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಿದ್ದಳಂತೆ. ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು ಎಂದು ಎಲ್ರಾಯ್ ಬಂದು ಹೇಳಿದ. ಊರೆಲ್ಲ ನೋಡಿದ ಹಾಗಾಯಿತು ಎಂದು ವಾಂಡಾ ಹೇಳಿದಳು.